ಸುರಪುರಕ್ಕೆ ಹೊರಟ ತಂತಿಗಾಜು

ಫಸಲಿ ಸಾವಿರದ ಮುನ್ನೂರ ನಲವತ್ತೈದನೆಯ ಸಾಲಿನ ಜ್ಯೇಷ್ಠ ಮಾಸದಲ್ಲಿ ಯಾದಗಿರಿ ಸ್ಟೇಷನ್ನಿನ ಗೋದಾಮಿನಿಂದ ಒಂದು ಗಾಜಿನ ಹಲಗೆ ಹೊರಬಂದಿತು. ಉದ್ದ ಮೂರು ಮೊಳ, ಅಗಲ ಎರಡು ಮೊಳ. ಅದರ ಹೊಟ್ಟೆಯೊಳಗೆ ಆರು ಮೂಲೆಯ ಕಣ್ಣುಗಳುಳ್ಳ ತಂತಿಯ ಬಲೆಯೊಂದು ಹುದುಗಿತ್ತು. ಬಲೆ ಗಾಜಿನ ಮುಂದೆಯೂ ಇರಲಿಲ್ಲ, ಹಿಂದೆಯೂ ಇರಲಿಲ್ಲ. ನೋಡಿದವರೆಲ್ಲ ಮೊದಲು ಈ ಕಡೆಯಿಂದ ಉಗುರಿನಿಂದ ಕೆರೆದು, ಆಮೇಲೆ ಆ ಕಡೆಯಿಂದ ಕೆರೆದು, ಕಡೆಗೆ ತಮ್ಮ ಉಗುರನ್ನೇ ಅನುಮಾನದಿಂದ ನೋಡಿಕೊಂಡರು.

ಈ ಗಾಜು ಹೋಗಬೇಕಾದದ್ದು ಸುರಪುರದ ನಕ್ಷಾಖಾನೆಗೆ. ಸುತ್ತಲಿನ ಹಳ್ಳಿಗಳ ಎಲ್ಲೆಕಟ್ಟು ನಕ್ಷೆಗಳನ್ನು ಇಟ್ಟಿದ್ದ ಆ ಕೋಣೆಯಲ್ಲಿ ಹಿಂದಿನ ಚಳಿಗಾಲದಲ್ಲಿ ಒಂದು ಕಂದೀಲು ಉರುಳಿತ್ತು. ಬೆಂಕಿಯ ಝಳಕ್ಕೆ ಕಿಟಕಿಯ ಸಾದಾ ಗಾಜು ಸಿಡಿದು ಉದುರಿತು. ತೆರೆದ ಕಿಟಕಿಯಿಂದ ಗಾಳಿ ನುಗ್ಗಿತು. ಗಾಳಿ ನುಗ್ಗಿದ್ದರಿಂದ ಮೂರು ಊರುಗಳ ನಕ್ಷೆಗಳು ಬೂದಿಯಾದವು. ಊರುಗಳು ಮಾತ್ರ ತಮಗೆ ಏನೂ ಆಗಿಲ್ಲವೆಂಬಂತೆ ಇದ್ದಲ್ಲಿಯೇ ಇದ್ದವು. ಇದು ಕಚೇರಿಗೆ ಬಹಳ ಮುಜುಗರದ ಸಂಗತಿಯಾಯಿತು. ಆಗ ಮೇಲಿನಿಂದ ಹುಕುಂ ಬಂದಿತು: ಆ ಕಿಟಕಿಗೆ ತಂತಿಗಾಜನ್ನೇ ಕೂರಿಸತಕ್ಕದ್ದು. ಅದು ಬೆಂಕಿಗೆ ಬಿರಿಯುತ್ತದೆ, ಆದರೆ ಉದುರುವುದಿಲ್ಲ. ಒಳಗಿನ ತಂತಿ ಚೂರುಗಳನ್ನು ಹಿಡಿದುಕೊಂಡಿರುತ್ತದೆ. ಗಾಳಿ ಒಳಗೆ ಬರದು, ಬೆಂಕಿ ಹೊರಗೆ ಹೋಗದು.

ಗಾಜನ್ನು ಭೀಮಾ ನದಿ ದಾಟಿಸಿ ಶಹಾಪುರದ ಮೇಲೆ ಸುರಪುರ ಮುಟ್ಟಿಸುವ ಕೆಲಸವನ್ನು ಹರಗೋಲಿನ ಅಂಬಿಗ ಭಾಗಣ್ಣ ಒಪ್ಪಿಕೊಂಡನು. ನೀರಿನ ಮೇಲೆ ಮೊಸರಿನ ಗಡಿಗೆಯನ್ನೂ ಬಾಣಂತಿಯರನ್ನೂ ಅಲುಗದಂತೆ ಸಾಗಿಸಿದ ಕೈ ಅವನದು. ಸ್ಟೇಷನ್ನಿನಲ್ಲಿ ಅವನಿಗೆ ಮುಚ್ಚಳಿಕೆಯೊಂದನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಯಾದಗಿರಿ ಸ್ಟೇಷನ್ನಿನಿಂದ ಸುರಪುರದ ನಕ್ಷಾಖಾನೆಯವರೆಗಿನ ದಾರಿಯಲ್ಲಿ ಗಾಜು ಅವನ ಜಿಮ್ಮೆ. ಸಾಬೂತಾಗಿ, ಅಂದರೆ ಒಡೆಯದೆ ಇಡಿಯಾಗಿ, ಒಪ್ಪಿಸಿದರೆ ಒಂದು ರಸೀದಿ. ದಾರಿಯಲ್ಲಿ ಒಡೆದರೆ ಅದಕ್ಕೆ ಮಾಫಿಯುಂಟು, ಆದರೆ ತುಕಡಿಗಳನ್ನು ತಂದೊಪ್ಪಿಸಬೇಕು, ಅದಕ್ಕೊಂದು ರಸೀದಿ. ಎರಡರಲ್ಲೊಂದು ಕೈಗೆ ಬರುವ ತನಕ ಅವನು ಗಾಜನ್ನು ಬಿಟ್ಟು ಹೋಗುವಂತಿಲ್ಲ, ಹೋದರೆ ಜೈಲು.

ಭಾಗಣ್ಣನಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಅವನ ಮನಸ್ಸಿನಲ್ಲಿದ್ದದ್ದು ಒಂದೇ ಲೆಕ್ಕ: ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ. ಅವನು ಜನರನ್ನು ಹೊಳೆ ದಾಟಿಸುತ್ತಿದ್ದ ಭೀಮೆಯ ಘಾಟಿನ ಪದ್ಧತಿ ಹೀಗಿತ್ತು. ಅಮಾವಾಸ್ಯೆಯ ದಿನ ಸೂರ್ಯ ಮೂಡಿದ ಮೇಲೆ ಶಹಾಪುರದ ಕಡೆಯ ದಂಡೆಯಿಂದ ಯಾದಗಿರಿಯ ಕಡೆಗೆ ಯಾರ ಹರಗೋಲು ಮೊದಲ ಪ್ರಯಾಣಿಕನನ್ನು ದಾಟಿಸುವುದೋ, ವರ್ಷವಿಡೀ ಘಾಟು ಅವನದು. ಹಿಂದಿನ ವರ್ಷದವನು ಹಾಜರಿದ್ದರೆ ಮೊದಲ ಸರದಿ ಅವನಿಗೆ. ಆದರೆ ಪ್ರಯಾಣಿಕನು ಅಂಬಿಗನ ರಕ್ತಸಂಬಂಧಿಯಾಗಿರಬಾರದು, ಮತ್ತು ಆಚೆಯ ಮಣ್ಣನ್ನು ತನ್ನ ಕಾಲಿನಿಂದಲೇ ಮೆಟ್ಟಬೇಕು. ಹನ್ನೊಂದು ವರ್ಷಗಳಿಂದ ಘಾಟು ಭಾಗಣ್ಣನದಾಗಿತ್ತು. ಹನ್ನೊಂದು ವರ್ಷಗಳಿಂದ ಅವನ ದೊಡ್ಡಪ್ಪನ ಮಗ ಬಸವಂತ್ರಾಯ ದಂಡೆಯ ಮೇಲೆ ಕುಳಿತು ಕಾಯುತ್ತಿದ್ದನು. ಘಾಟು ಹೋದರೆ ಭಾಗಣ್ಣನು ತನ್ನ ದಾಯಾದಿಯ ದೋಣಿಗೆ ಹುಟ್ಟು ಹಾಕುವ ಆಳಾಗಬೇಕು.

ಗಾಜು ನದಿಯನ್ನು ಸುಖವಾಗಿ ದಾಟಿತು. ಹುಲ್ಲು ಹಾಸಿದ ಬಾಡಿಗೆ ಬಂಡಿಯಲ್ಲಿ ಶಹಾಪುರವನ್ನೂ ಸುಖವಾಗಿ ದಾಟಿತು. ಮೂರನೆಯ ದಿನ ಮಧ್ಯಾಹ್ನ, ಸುರಪುರದ ಗುಡ್ಡಗಳು ಎದುರಿಗೆ ಕಾಣುತ್ತಿರುವಾಗ, ಅನಾಹುತ ನಡೆಯಿತು. ಅದು ನಡೆದದ್ದು ಅಜಾಗರೂಕತೆಯಿಂದಲ್ಲ, ಅತಿಯಾದ ಜೋಪಾನದಿಂದ.

ಹರಗೋಲಿನ ಚರ್ಮವನ್ನು ಬಿಸಿಲಿಗೆ ಬಿಟ್ಟರೆ ಅದು ಒಣಗಿ ಸೀಳುತ್ತದೆ. ಗಳಿಗೆಗೊಮ್ಮೆ ನೀರು ಹಾಕಬೇಕು. ಬಲೆಯದೂ ಅದೇ ಪಾಡು. ಭಾಗಣ್ಣನು ಗಾಜನ್ನು ಮುಟ್ಟಿ ನೋಡಿದನು. ಕಾದ ಹಂಚಿನಂತಿತ್ತು. ಒಳಗೆ ಬಲೆ ಬೇರೆ ಇದೆ. ಅವನು ಬಂಡಿ ನಿಲ್ಲಿಸಿದನು. ದಾರಿಯ ಪಕ್ಕದ ಬಾವಿಗಿಳಿದು, ತಳದ ತಣ್ಣೀರನ್ನು ಕೊಡದ ತುಂಬ ತಂದು, ಮಗುವಿಗೆ ಎರೆಯುವಂತೆ ಗಾಜಿನ ಮೇಲೆ ಸುರಿದನು.

ಟಣ್ ಎಂದಿತು. ಮೂಲೆಯಿಂದ ಮೂಲೆಗೆ ಒಂದು ಬಿರುಕು ಓಡಿತು. ಭಾಗಣ್ಣನು ಕೊಡವನ್ನು ಹಿಡಿದು ನಿಂತೇ ಇದ್ದನು. ಗಾಜೂ ನಿಂತೇ ಇತ್ತು.

ನಕ್ಷಾಖಾನೆಯ ಪೇಶ್ಕಾರ್ ನೀಲಕಂಠಪ್ಪನವರು ಕೆಟ್ಟವರಾಗಿರಲಿಲ್ಲ. ಬರೆದದ್ದನ್ನು ಬರೆದಂತೆಯೇ ನಡೆಸಬೇಕೆಂಬುದೊಂದೇ ಅವರ ವ್ರತವಾಗಿತ್ತು. ಅವರು ವರಾಂಡದಲ್ಲಿ ಗಾಜನ್ನು ಮಲಗಿಸಿ, ಬಿರುಕಿನ ಮೇಲೆ ಬೆರಳಾಡಿಸಿದರು.

“ಇದು ಸಾಬೂತಲ್ಲ.”

“ಅಲ್ಲರಿ ಸಾಹೇಬ್ರ,” ಎಂದು ಭಾಗಣ್ಣ ಕೈಮುಗಿದನು. “ಒಡದೈತ್ರಿ. ನನ್ನ ಕೈಲಿಂದನ ಒಡದೈತ್ರಿ. ಹಂಗಂತ ಬರಕೊಂಡು ರಸೀದಿ ಕೊಡ್ರಿ, ಹೊಳಿಗಿ ಹೋಗಬೇಕು.”

“ತುಕಡಿ ಎಲ್ಲಿ ಅದಾವು?”

“ಇದರಾಗ ಅದಾವ್ರಿ.”

“ಇದರಾಗ ಅಂದ್ರ ಹೆಂಗೋ? ಹೊರಗ ತಗಿ. ಪಂಚರ ಮುಂದ ಎಣಿಸಬೇಕು. ಒಂದೊಂದಕ್ಕೂ ದಾರ ಕಟ್ಟಬೇಕು, ದಾರದ ಮ್ಯಾಲ ಅರಗಿನ ಮೊಹರು ಹಾಕಬೇಕು. ಆಮ್ಯಾಲ ರಸೀದಿ.”

ಭಾಗಣ್ಣನು ಹಲಗೆಯನ್ನು ಎತ್ತಿ ಅಲುಗಾಡಿಸಿದನು. ಏನೂ ಉದುರಲಿಲ್ಲ. ತಲೆಕೆಳಗು ಮಾಡಿ ಬೆನ್ನು ತಟ್ಟಿದನು. ಏನೂ ಉದುರಲಿಲ್ಲ.

“ನೋಡು,” ಎಂದು ಪೇಶ್ಕಾರರು ರಿಜಿಸ್ಟರಿನ ಎರಡು ಅಂಕಣಗಳನ್ನು ತೋರಿಸುತ್ತ ದುಃಖದಿಂದ ಹೇಳಿದರು, “ಒಡದಿದ್ದಕ್ಕ ಮಾಫಿ ಐತಿ. ಸರ್ಕಾರಕ್ಕ ದಯಾ ಐತಿ. ಆದ್ರ ಒಡದೈತಿ ಅನ್ನಾಕ ತುಕಡಿ ಬೇಕು. ಸಾಬೂತಿನ ಖಾನ್ಯಾಗ ಬರಿಯಾಕ ಬರಂಗಿಲ್ಲ, ತುಕಡಿ ಖಾನ್ಯಾಗ ಬರಿಯಾಕ ಬರಂಗಿಲ್ಲ. ಮೂರನೇ ಖಾನೆ ಇಲ್ಲ.”

“ಹಂಗಾರ ತಂತಿ ಕತ್ತರಿಸಿ ತಗೀಲೇನ್ರಿ?”

ಪೇಶ್ಕಾರರು ಎರಡೂ ಕಿವಿಗಳನ್ನು ಮುಚ್ಚಿಕೊಂಡರು. ತಂತಿ ಕತ್ತರಿಸುವುದೆಂದರೆ ಸರ್ಕಾರಿ ಮಾಲನ್ನು ಬೇಕೆಂದೇ ಕೆಡಿಸುವುದು, ಅದಕ್ಕೆ ಮಾಫಿಯಿಲ್ಲ. ಮಾಫಿಯಿದ್ದದ್ದು ತಾನಾಗಿ ಒಡೆದದ್ದಕ್ಕೆ ಮಾತ್ರ. ಸ್ವಲ್ಪ ಹೊತ್ತಿನ ಮೇಲೆ ಅವರು ಕಿವಿಯಿಂದ ಕೈ ತೆಗೆದು, ಆಕಾಶವನ್ನು ನೋಡುತ್ತ, ಭಾರವಾದ ವಸ್ತುಗಳು ತಾವಾಗಿಯೇ ಬೀಳುವುದು ಲೋಕದಲ್ಲಿ ಇದ್ದೇ ಇದೆ ಎಂದರು.

ಹೀಗೆ ಮರುದಿನ ಬೆಳಿಗ್ಗೆ ಗಾಜು ತಾನಾಗಿಯೇ ಬೀಳತೊಡಗಿತು. ಮೊದಲು ಅದು ಮೇಜಿನ ಮೇಲಿಂದ ತಾನಾಗಿಯೇ ಬಿದ್ದಿತು. ಬಿರುಕು ಒಂದಿದ್ದದ್ದು ಏಳಾಯಿತು. ಆಮೇಲೆ ವರಾಂಡದ ಕಟ್ಟೆಯ ಮೇಲಿಂದ ಬಿದ್ದಿತು. ಬಿರುಕುಗಳನ್ನು ಎಣಿಸುವುದು ಕಷ್ಟವಾಯಿತು. ಸಂಜೆಗೆ ಅದು ನಾಲ್ಕು ಜನರ ಹೆಗಲ ಮೇಲೆ ಹತ್ತಿರದ ಬಂಡೆಯನ್ನು ಹತ್ತಿ ಅಲ್ಲಿಂದಲೂ ತಾನಾಗಿಯೇ ಬಿದ್ದಿತು. ಪಂಚರಾಗಿ ಕರೆತಂದ ಐವರು ಕೆಳಗೆ ಬಿಳಿಯ ಪಂಚೆ ಹಾಸಿಕೊಂಡು ಕಾಯುತ್ತಿದ್ದರು. ಗಾಜು ಪಂಚೆಯ ಮೇಲೆ ದಬ್ಬನೆ ಬಿದ್ದು, ಒದ್ದೆ ಕಂಬಳಿಯಂತೆ ಸ್ವಲ್ಪ ಬಾಗಿ, ಹಾಗೆಯೇ ಮಲಗಿತು. ಅದರ ಮೈತುಂಬ ಜೇಡರ ಬಲೆ ಹರಡಿದಂತೆ ಗೆರೆಗಳಾಗಿದ್ದವು. ಒಂದು ಚೂರೂ ಹೊರಗೆ ಬಂದಿರಲಿಲ್ಲ.

ಮೂರನೆಯ ದಿನ ಕಲ್ಲುಕುಟಿಗ ಭೀಮರಾಯನ ಸುತ್ತಿಗೆ ಅವನ ಕೈಯಿಂದ ಜಾರಿ ಗಾಜಿನ ಮೇಲೆ ಬಿದ್ದಿತು. ಸುತ್ತಿಗೆ ಎಷ್ಟು ಅಕಸ್ಮಾತ್ತಾಗಿ ಜಾರಿತೆಂದರೆ, ಅದಕ್ಕೆ ಮೊದಲು ಭೀಮರಾಯನು ಅಂಗೈಗೆ ಉಗುಳಿಕೊಂಡು ತಲೆಯ ಹಿಂದಿನವರೆಗೆ ಎತ್ತಿದ್ದನು. ಹೊಡೆತ ಬಿದ್ದಲ್ಲಿ ಹೂವಿನಂಥ ಬಿಳಿಯ ಕಲೆಯೆದ್ದು, ಚಿಟಿಕೆಯಷ್ಟು ಪುಡಿ ಉದುರಿತು.

“ಬಂತ್ರಿ! ತುಕಡಿ ಬಂತ್ರಿ!” ಎಂದು ಭಾಗಣ್ಣನು ಕೂಗಿ, ಪುಡಿಯನ್ನು ಅಂಗೈಯಲ್ಲಿ ಹಿಡಿದು ಓಡಿದನು.

ನೀಲಕಂಠಪ್ಪನವರು ಕನ್ನಡಕ ಹಾಕಿಕೊಂಡು ನೋಡಿದರು. “ಇದಕ್ಕ ದಾರ ಹೆಂಗ ಕಟ್ಟಲಿ?” ಎಂದು ಅವರು ಕೇಳುವಾಗ, ಆ ಉಸಿರಿಗೇ ಪುಡಿ ಹಾರಿಹೋಯಿತು.

ಕೊನೆಗೆ, ಗಾಜಿನ ಮರ್ಮ ಬಲ್ಲವರ ಸಾಕ್ಷ್ಯ ತೆಗೆದುಕೊಳ್ಳೋಣವೆಂದು ಬಳೆ ಮಾರುವ ಆಮೀನಾಳನ್ನು ಕರೆಸಿದರು. ನಲವತ್ತು ವರ್ಷ ಸುರಪುರದ ಕೈಗಳಿಗೆ ಬಳೆ ತೊಡಿಸಿದ್ದ ಮುದುಕಿ ಆಕೆ. ಹಲಗೆಯ ಸುತ್ತ ಒಂದು ಸುತ್ತು ಬಂದು, ನಾಲಗೆಯಿಂದ ಲೊಚಗುಟ್ಟಿದಳು.

“ನನಗ ಏನ್ ಕೇಳ್ತೀರಿ ಪೇಶ್ಕಾರ್ ಸಾಬ್? ಬಳಿಗಿ ಬಿರುಕ ಬಿದ್ರೂ ಕೈಯಾಗ ಇರೋತನಕ ಅದು ಬಳೀನೆ. ಹೆಣ್ಣಮಕ್ಕಳು ಹಂಗs ತೊಟಗೊಂಡಿರ್ತಾರ. ಕೆಳಗ ಬಿದ್ಮ್ಯಾಲ ಒಡೀತು ಅಂತಾರ.”

“ಅಂದ್ರ ಇದು ಒಡದಿಲ್ಲ?”

“ಒಡದಿಲ್ಲ. ಆದ್ರ ಇಂಥಾ ಬಳಿ ನಾ ಮಾರಂಗಿಲ್ಲ,” ಎಂದು ಹೇಳಿ ಬುಟ್ಟಿಯನ್ನೆತ್ತಿಕೊಂಡು ಹೊರಟುಹೋದಳು. ಪೇಶ್ಕಾರರು ಆ ಎರಡು ಮಾತುಗಳನ್ನೂ ಬರೆದುಕೊಂಡು, ಅವೆರಡರ ನಡುವೆ ಪೆನ್ನು ಹಿಡಿದು ಬಹಳ ಹೊತ್ತು ಕುಳಿತರು.

ನಾಲ್ಕನೆಯ ದಿನ ಭಾಗಣ್ಣನ ಹೆಂಡತಿ ಅಯ್ಯಮ್ಮ ಬಂದಳು. ಗಂಡ ಹಿಂತಿರುಗದಿದ್ದುದನ್ನು ಕಂಡು, ರೊಟ್ಟಿಯ ಗಂಟು ಕಟ್ಟಿಕೊಂಡು, ಸಿಕ್ಕ ಬಂಡಿಗಳನ್ನು ಹತ್ತಿ ಇಳಿದು ಸುರಪುರ ಸೇರಿದ್ದಳು. ಅವಳು ಭಾಗಣ್ಣನ ಅಕ್ಕನ ಮಗಳೇ ಆದ್ದರಿಂದ ಮದುವೆಯಾದ ಮೇಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

“ಮಾವಾ, ನಾಡದ ಅಮಾಸಿ. ಬಸವಂತ್ರಾಯ ಆಗಲೇ ಹರಗೋಲಿಗಿ ಹೊಸಾ ಚರ್ಮ ಹೊಚ್ಚ್ಯಾನ. ನೀ ಇಲ್ಲಿ ಕನ್ನಡಿ ಕಾಯ್ಕೋತ ಕುಂತೀಯಲ್ಲ!”

“ಕಾಯಾಕತ್ತಿಲ್ಲವ್ವ, ಒಡಿಯಾಕತ್ತೀನಿ. ಮೂರ ದಿನಾ ಆತು. ಒಡೀವಲ್ದು.”

ಅಯ್ಯಮ್ಮ ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಬಲೆ ಹೆಣೆಯುವುದು ಅವಳ ಕಸುಬು. ಅವಳ ಕಣ್ಣು ಗಾಜನ್ನು ಬಿಟ್ಟು ನೇರವಾಗಿ ಒಳಗಿನ ತಂತಿಗೆ ಹೋಯಿತು. “ಗಂಟs ಇಲ್ಲ. ಬರೇ ತಿರುವಿ ಬಿಟ್ಟಾರ,” ಎಂದು ಹೆಣೆದವನ ಬಗ್ಗೆ ತಾತ್ಸಾರದಿಂದ ಹೇಳಿದಳು. ಆಮೇಲೆ ನಡೆದದ್ದನ್ನೆಲ್ಲ ಕೇಳಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೇಶ್ಕಾರರ ಮೇಜಿನ ಮುಂದೆ ಹೋಗಿ ನಿಂತಳು.

“ಯಪ್ಪಾ, ನಮ್ಮ ಮಾವ ಮಾಲು ಒಪ್ಪಿಸ್ಯಾನೋ ಇಲ್ಲೋ?”

“ಇಲ್ಲವ್ವ. ಒಪ್ಪಿಸಿದ್ರ ರಸೀದಿ ಕೊಡತಿದ್ದೆ.”

“ಒಪ್ಪಿಸಿಲ್ಲಂದ್ರ ಮಾಲು ಇನ್ನಾ ದಾರ್ಯಾಗ ಐತಿ, ಹೌದಲ್ರಿ?”

ನೀಲಕಂಠಪ್ಪನವರ ಪೆನ್ನು ನಿಂತಿತು. “ಹೌದು. ದಾರ್ಯಾಗ ಐತಿ.”

“ದಾರಿ ಅಂದ್ರ ಎಲ್ಲಿಂದ ಎಲ್ಲೀತನಕ ಅಂತ ಬರದೀರಿ?”

ಅವರು ಮುಚ್ಚಳಿಕೆಯನ್ನು ಬಿಡಿಸಿ ಓದಿದರು: ಯಾದಗಿರಿ ಸ್ಟೇಷನ್ನಿನಿಂದ ಸುರಪುರದ ನಕ್ಷಾಖಾನೆಯವರೆಗೆ.

“ನಡುವ ನಮ್ಮ ಹೊಳಿ ಬರತೈತ್ರಿ. ನಮ್ಮ ಘಾಟು ಬರತೈತ್ರಿ. ಅಂದಮ್ಯಾಲ ಮಾವ ಗಾಜು ತಗೊಂಡು ಘಾಟಿಗಿ ಬಂದ್ರ ದಾರಿ ಬಿಟ್ಟಂಗ ಆಗಂಗಿಲ್ಲಲ್ರಿ? ಗಾಜೂ ಬಿಟ್ಟಂಗ ಆಗಂಗಿಲ್ಲ.”

ಪೇಶ್ಕಾರರ ಮುಖದ ಮೇಲೆ, ಬಹಳ ದಿನ ಹಲ್ಲುನೋವಿನಿಂದ ನರಳಿದವನಿಗೆ ನೋವು ತಟ್ಟನೆ ನಿಂತಾಗ ಮೂಡುವಂಥ ಪ್ರಸನ್ನತೆ ಮೂಡಿತು. ಗಾಜು ತಮ್ಮ ವರಾಂಡದಿಂದ ಹೋಗುವುದು. ಬರೆದ ಒಂದಕ್ಷರವೂ ಮುರಿಯದು. ಆದರೂ ಎಚ್ಚರಿಕೆಯಿರಲೆಂದು ಜವಾನ ಚನ್ನಯ್ಯನನ್ನು ಕರೆದು ಹುಕುಂ ಮಾಡಿದರು: ಗಾಜು ಎಲ್ಲಿಯೋ ನೀನೂ ಅಲ್ಲಿಯೇ, ಕೈಗೆ ಎಟುಕುವಷ್ಟಕ್ಕಿಂತ ದೂರ ಸರಿದರೆ ನಿನ್ನ ಬೆಲ್ಟು ಕಸಿದುಕೊಳ್ಳಲಾಗುವುದು.

ಚನ್ನಯ್ಯನು ಜಂಗಮರ ಮನೆಯವನು. ದಪ್ಪ ಮೀಸೆಯ, ಗಂಭೀರ ನಡಿಗೆಯ ಮನುಷ್ಯ. ಗುಡ್ಡದ ಊರಿನಲ್ಲಿ ಹುಟ್ಟಿ ಗುಡ್ಡದ ಊರಿನಲ್ಲಿಯೇ ಬೆಳೆದ ಅವನು ಕೊಡಕ್ಕಿಂತ ದೊಡ್ಡದರಲ್ಲಿ ನೀರನ್ನು ಕಂಡದ್ದು ಕಡಿಮೆ. ಅವನು ತನ್ನ ಹೆಗಲ ಮೇಲಿನ ವಲ್ಲಿಯ ಒಂದು ತುದಿಯನ್ನು ಗಾಜಿನ ಅಂಚಿನಲ್ಲಿ ಇಣುಕಿದ್ದ ತಂತಿಗೂ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೂ ಕಟ್ಟಿಕೊಂಡು ಬಂಡಿ ಹತ್ತಿದನು. ಎತ್ತುಗಳು ಒಂದೂವರೆ ದಿನ, ಎರಡು ಇರುಳು ನಡೆದವು. ಶಹಾಪುರದಲ್ಲಿ ಒಬ್ಬ ಸಾಹುಕಾರನು ಬಂಡಿ ನಿಲ್ಲಿಸಿ, ಮೀನುಬಲೆಯನ್ನು ಮಂಜುಗಡ್ಡೆಯಲ್ಲಿ ಏಕೆ ಒಯ್ಯುತ್ತಿರುವಿರೆಂದು ಕೇಳಿದನು. ಚನ್ನಯ್ಯನು ಸರ್ಕಾರಿ ರಹಸ್ಯವೆಂದು ಹೇಳಿ ಮೀಸೆ ತಿರುವಿದನು.

ಅಮಾವಾಸ್ಯೆಯ ಬೆಳಗು. ಮೇಲಿನ ಸೀಮೆಯಲ್ಲಿ ಮಳೆಯಾಗಿ ಭೀಮೆ ಕೆಂಪಗೆ, ದಂಡೆಗೆ ದಂಡೆ ತಾಕುವಂತೆ ಹರಿಯುತ್ತಿತ್ತು. ಮಣ್ಣೆತ್ತು ಮಾಡಲು ಜನ ದಂಡೆಯ ಜಿಗುಟು ಮಣ್ಣನ್ನು ಅಗೆದುಕೊಳ್ಳುತ್ತಿದ್ದರು. ಬಸವಂತ್ರಾಯನ ಹರಗೋಲು ನೀರಿಗೆ ಮೂಗು ಚಾಚಿ ನಿಂತಿತ್ತು. ಯಾದಗಿರಿಗೆ ಹೋಗಬೇಕಾಗಿದ್ದ ಏಳು ಮಂದಿಯನ್ನೂ ಅವನು ಅದರಲ್ಲಿ ಮೊದಲೇ ಕೂರಿಸಿಕೊಂಡಿದ್ದನು. ಬಂಡಿಯಿಂದ ಇಳಿದ ಭಾಗಣ್ಣನನ್ನು ಕಂಡು ಅವನ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಅವನು ನಕ್ಕನು.

“ಬಾರೋ ಭಾಗ್ಯಾ. ಸುರಪುರದಿಂದ ಮುಖ ನೋಡ್ಕೊಳ್ಳಾಕ ಕನ್ನಡಿ ತಂದಿಯೇನು? ಅದೂ ನಿನ್ನ ಮುಖ ನೋಡಿ ಒಡಕೊಂಡೈತಿ ನೋಡು!”

“ಒಡದಿಲ್ಲ. ಪೇಶ್ಕಾರ್ ಸಾಹೇಬ್ರs ಹೇಳ್ಯಾರ. ಸರಿ ಅತ್ಲಾಗ, ಮೊದಲ ಸರದಿ ನಂದು.”

“ಸರದಿ ನಿಂದs ಐತಿ ಮಾರಾಯ. ಪ್ರಯಾಣಿಕ ಎಲ್ಲದಾನ? ನಿನ್ನ ಹೆಂಡತೀನ ಕುಂದ್ರಸ್ತೀಯೇನು? ಆಕಿ ನಿನ್ನ ಅಕ್ಕನ ಮಗಳು. ಸೂರ್ಯ ಮೂಡಾಕತ್ತಾನ, ಹೊಳಿ ಯಾರಿಗೂ ಕಾಯಂಗಿಲ್ಲ.”

ಭಾಗಣ್ಣನು ಬಸವಂತ್ರಾಯನ ದೋಣಿಯಲ್ಲಿದ್ದವರ ಕಡೆ ನೋಡಿದನು. ಏಳು ಮಂದಿಯೂ ತಮ್ಮ ಗಂಟುಗಳ ಕಡೆ ನೋಡಿಕೊಂಡರು. ಬಸವಂತ್ರಾಯನು ಅವರಿಗೆ ಮಂಡಕ್ಕಿ ಹಂಚಿದ್ದನು. ಆಗ ಭಾಗಣ್ಣನು ಬಂಡಿಯಲ್ಲಿದ್ದ ಗಾಜನ್ನು ಎತ್ತಿ, ತನ್ನ ಹರಗೋಲಿನ ನಡುವೆ ಇಟ್ಟನು. ವಲ್ಲಿ ಬಿಗಿಯಿತು. ಅದರ ಇನ್ನೊಂದು ತುದಿಯಲ್ಲಿ ಚನ್ನಯ್ಯನು ಮೊಣಕಾಲುದ್ದ ನೀರಿನಲ್ಲಿ ಬಂದು ನಿಂತಿದ್ದನು.

“ಏ ಏ! ಏನ್ ಮಾಡಾಕತ್ತೀಯೋ?”

“ಗಾಜು ಯಾದಗಿರಿಗಿ ಹೋಗಾಕತ್ತೈತ್ರಿ ಸ್ವಾಮೇರ. ಆಚಿ ದಂಡೀನೂ ದಾರೀನೆ.”

“ನಾ ಇದರಾಗ ಕುಂದ್ರಂಗಿಲ್ಲ! ಇದು ಬುಟ್ಟಿ! ಬುಟ್ಟ್ಯಾಗ ಮನಶ್ಯಾ ಕುಂದಿರ್ತಾರೇನೋ?”

“ಕುಂದ್ರಬ್ಯಾಡ್ರಿ. ವಲ್ಲಿ ಬಿಚ್ರಿ, ಇಲ್ಲೇ ನಿಂದರ್ರಿ.”

ಚನ್ನಯ್ಯನು ನೀರನ್ನು ನೋಡಿದನು. ತನ್ನ ಹಿತ್ತಾಳೆ ಬಿಲ್ಲೆಯ ಬೆಲ್ಟನ್ನು ನೋಡಿಕೊಂಡನು. ಹದಿನಾರು ವರ್ಷದ ನೌಕರಿ ಅವನ ಕಣ್ಣ ಮುಂದೆ ಹಾದುಹೋಗಿರಬೇಕು. ಅವನು ಕುಲದೇವರನ್ನು ನೆನೆದು, ಭಾಗಣ್ಣನ ಮೂರು ತಲೆಮಾರುಗಳನ್ನು ಬೈದು, ಕಣ್ಣು ಮುಚ್ಚಿ ಹರಗೋಲಿಗೆ ಬಿದ್ದನು. ಗಾಜಿನ ಮೇಲೆಯೇ ಬಿದ್ದನು. ಗಾಜು ಕರಕರ ಎಂದಿತು, ಅಷ್ಟೆ.

ಭಾಗಣ್ಣನು ಹುಟ್ಟನ್ನು ಹಾಕಿದನು. ಅವನ ಹಿಂದೆಯೇ ಬಸವಂತ್ರಾಯನೂ ದೋಣಿಯನ್ನು ನೂಕಿದನು. ದಾಟಿಸುವುದು ಬೇರೆ, ಇಳಿಸುವುದು ಬೇರೆ. ಈ ಮೀಸೆಯವನು ಇಳಿಯುವ ಮೊದಲು ತನ್ನ ಏಳರಲ್ಲಿ ಒಬ್ಬನು ಆಚೆಯ ಮಣ್ಣು ಮೆಟ್ಟಿದರೆ ಘಾಟು ತನ್ನದೇ ಎಂದು ಅವನು ಬಲ್ಲನು. ನಡುಹೊಳೆಯ ಸುಳಿಯಲ್ಲಿ ಭಾಗಣ್ಣನ ಹರಗೋಲು ಮೂರು ಸುತ್ತು ತಿರುಗಿತು. ಚನ್ನಯ್ಯನು ಗಾಜನ್ನು ಎರಡೂ ಕೈಗಳಿಂದ ತಬ್ಬಿಕೊಂಡು, ಪೇಶ್ಕಾರರ ಹೆಸರನ್ನು ದೇವರ ಹೆಸರುಗಳ ನಡುವೆ ಸೇರಿಸಿ ಕೂಗುತ್ತಿದ್ದನು.

ಯಾದಗಿರಿಯ ದಂಡೆಯಲ್ಲಿ ಪ್ರತಿವರ್ಷ ಸಾಕ್ಷಿ ನಿಲ್ಲುತ್ತಿದ್ದ ಅಂಗಡಿಯ ಮಹಾದೇವಪ್ಪನವರು ತೆಂಗಿನಕಾಯಿ ಹಿಡಿದು ಕಾದಿದ್ದರು. ಭಾಗಣ್ಣನ ಹರಗೋಲು ಮೊದಲು ಮಣ್ಣಿಗೆ ತಾಗಿತು.

“ಇಳೀರಿ ಸ್ವಾಮೇರ!”

“ಇಳಿಯಂಗಿಲ್ಲ! ಕಾಲಾಗ ಜೀವ ಇಲ್ಲ!”

“ಬಂತು ನೋಡ್ರಿ ದಂಡಿ, ಕಣ್ಣ ತಗೀರಿ!”

“ತಗಿಯಂಗಿಲ್ಲ!”

ಬಸವಂತ್ರಾಯನ ದೋಣಿ ಹತ್ತು ಮಾರು ದೂರದಲ್ಲಿತ್ತು. ಅದರಲ್ಲೊಬ್ಬನು ಧೋತರ ಎತ್ತಿ ಕಟ್ಟಿ ನೆಗೆಯಲು ಎದ್ದು ನಿಂತಿದ್ದನು. ಭಾಗಣ್ಣನಿಗೆ ಯೋಚಿಸಲು ಹೊತ್ತಿರಲಿಲ್ಲ. ಅವನು ಚನ್ನಯ್ಯನ ಕೈಯಿಂದ ಗಾಜನ್ನು ಕಿತ್ತು, ತಲೆಯ ಮೇಲೆತ್ತಿ, ದಂಡೆಯ ಮೇಲಕ್ಕೆ ಬೀಸಿ ಎಸೆದನು. ಗಾಜು ಗಾಳಿಯಲ್ಲಿ ತೊಗಲಿನ ಚೀಲದಂತೆ ಮಡಚಿ ಬಿಚ್ಚಿಕೊಂಡು ಹಾರಿ, ಮಹಾದೇವಪ್ಪನವರ ಕಾಲ ಬಳಿ ಕೆಸರಿನಲ್ಲಿ ಬಿದ್ದಿತು. ಸೊಂಟಕ್ಕೆ ಕಟ್ಟಿದ ವಲ್ಲಿಯು ಚನ್ನಯ್ಯನನ್ನೂ ಅದೇ ದಿಕ್ಕಿಗೆ ಎಳೆಯಿತು. ಅವನು ಎರಡು ಹೆಜ್ಜೆ ನೀರಿನಲ್ಲಿಯೂ, ನಾಲ್ಕು ಹೆಜ್ಜೆ ಕೆಸರಿನಲ್ಲಿಯೂ ಓಡಿ ಗಾಜಿನ ಪಕ್ಕದಲ್ಲಿ ನಿಂತನು. ನಿಂತಿದ್ದು ತನ್ನ ಕಾಲಿನ ಮೇಲೆಯೇ.

“ಮೆಟ್ಟ್ಯಾನ,” ಎಂದರು ಮಹಾದೇವಪ್ಪನವರು.

“ಅವ ಮೆಟ್ಟಿಲ್ರಿ! ಎಳದು ಒಗದಾರ!” ಎಂದು ಬಸವಂತ್ರಾಯನು ನೀರಿನಲ್ಲಿಂದ ಕೂಗಿದನು.

ಮಹಾದೇವಪ್ಪನವರು ಚನ್ನಯ್ಯನ ಕಡೆ ತಿರುಗಿದರು. “ಯಾರರ ನಿಮ್ಮನ್ನ ಎಳದ್ರೇನ್ರಿ ಅಯ್ಯನೋರ?”

ಚನ್ನಯ್ಯನು ಮೀಸೆಯ ಕೆಸರನ್ನು ಒರೆಸಿಕೊಂಡನು. ದಂಡೆಯ ತುಂಬ ಜನ ನೋಡುತ್ತಿದ್ದರು. “ನನ್ನ ಯಾರ ಎಳೀತಾರ? ಸರ್ಕಾರಿ ಹುಕುಂ ಐತಿ, ಗಾಜಿನ ಹಿಂದ ನಾನs ಇಳದೀನಿ,” ಎಂದನು. ತೆಂಗಿನಕಾಯಿ ಭಾಗಣ್ಣನ ಹರಗೋಲಿನ ಅಂಚಿಗೆ ಒಡೆಯಿತು.

ಭಾಗಣ್ಣನು ಹುಟ್ಟಿಗೆ ಹಣೆ ಮುಟ್ಟಿಸಿದನು. ಆಚೆಯ ದಂಡೆಯಲ್ಲಿ ಸೆರಗು ಬೀಸುತ್ತಿದ್ದ ಅಯ್ಯಮ್ಮ ಬೆರಳಿನಷ್ಟು ಕಾಣುತ್ತಿದ್ದಳು. ಸುರಪುರದ ದಾರಿಗೆ ಹೊರಟ ಆರು ಜನ ಹೊಸ ಪ್ರಯಾಣಿಕರು ಬಂದು ಹರಗೋಲು ಹತ್ತಿದರು. ರಸೀದಿ ಇನ್ನೂ ಕೈಗೆ ಬಂದಿರದಿದ್ದುದರಿಂದ ಗಾಜನ್ನೂ ಹತ್ತಿಸಬೇಕಾಯಿತು, ಚನ್ನಯ್ಯನನ್ನೂ ಹತ್ತಿಸಬೇಕಾಯಿತು. ಗಾಜು ನಡುವಿನ ಜಾಗವನ್ನೆಲ್ಲ ಹಿಡಿದದ್ದರಿಂದ, ಏಳು ಜನರೂ ಪಂಕ್ತಿಯ ಊಟಕ್ಕೆ ಕೂತಂತೆ ಅದರ ಸುತ್ತ ಕಾಲು ಮಡಚಿ ಕುಳಿತರು.

“ಇದೇನು ತಮ್ಮಾ, ಒಡಕ ಸಾಮಾನು ದೋಣ್ಯಾಗ?” ಎಂದು ಒಬ್ಬ ಮುದುಕಿ ಗೊಣಗಿದಳು.

“ಕಾಲ ಒಳಗ ತಗೋಬೇ,” ಎಂದು ಭಾಗಣ್ಣ ಹೇಳಿ, ಏರುತ್ತಿದ್ದ ನೀರಿಗೆ ಹುಟ್ಟು ಹಾಕಿದನು.